ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ: ಲೆಕ್ಕಕ್ಕೆ ಬರ್ತೀವಾ, ನಮ್ಮ ಮಾತು ನಡೆಯುತ್ತಾ?

ಹಾಸನ ಸರ್ಜನ್ (ಪ್ರಶ್ನೆ)

ಎಂಎಸ್ ಜನರಲ್ ಸರ್ಜರಿ ಆಗಿದೆ, ಸ್ವಂತ ನರ್ಸಿಂಗ್ ಹೋಂ ಇದೆ, ಕಾಲೇಜು ಸೇವೆ ಇಲ್ಲ. ಖಾಸಗಿ ಮೆಡಿಕಲ್ ಕಾಲೇಜೊಂದು ಸೋಮ, ಬುಧ, ಶುಕ್ರ ಬೆಳಿಗ್ಗೆ 9ರಿಂದ 12ರವರೆಗೆ ಎಂಬಿಬಿಎಸ್ ಹುಡುಗರ ಸರ್ಜರಿ ಪೋಸ್ಟಿಂಗ್ ನೋಡಿಕೊಳ್ಳಿ ಅಂತ ಕರೆದಿದೆ. ಕರಡು ನೇಮಕ ಪತ್ರದಲ್ಲಿ ಹುದ್ದೆ "ಅಸೋಸಿಯೇಟ್ ಪ್ರೊಫೆಸರ್" ಅಂತಿದೆ, ಸಂಬಳ "ಕನ್ಸಾಲಿಡೇಟೆಡ್". ಪಾರ್ಟ್‌ಟೈಮ್, ವಿಸಿಟಿಂಗ್ ಅನ್ನೋ ಪದ ಎಲ್ಲೂ ಇಲ್ಲ. ಒರಿಜಿನಲ್ ಸರ್ಟಿಫಿಕೇಟ್ ತಂದುಕೊಡಿ, ಫೇಸ್ ಅಟೆಂಡೆನ್ಸ್‌ಗೆ ರಿಜಿಸ್ಟರ್ ಆಗಿ ಅಂತಲೂ ಹೇಳಿದ್ದಾರೆ.

ಹೀಗೆ ಹೋಗುವವರಿಗೆ ಎನ್‌ಎಂಸಿ (ಮೆಡಿಕಲ್ ಕಾಲೇಜುಗಳನ್ನು ನಿಯಂತ್ರಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗ) ದೃಷ್ಟಿಯಲ್ಲಿ ಸ್ಥಾನ ಏನು? ಈ ಅನುಭವ ಮುಂದೆ ಲೆಕ್ಕಕ್ಕೆ ಸಿಗುತ್ತಾ? ಇನ್ನೊಂದು, ಪಾಠ ಮಾಡುವವರು ನಾವು, ಆದರೆ ಟೈಮ್‌ಟೇಬಲ್, ಇಂಟರ್ನಲ್ ಅಸೆಸ್‌ಮೆಂಟ್ ವಿಚಾರದಲ್ಲಿ ಪಾರ್ಟ್‌ಟೈಮ್‌ನವರ ಮಾತು ಕೇಳುವ ವ್ಯವಸ್ಥೆ ಇರುತ್ತಾ?

ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್

ಆ ಪತ್ರಕ್ಕೆ ಈಗಿರುವ ಹಾಗೆ ಸಹಿ ಹಾಕಬೇಡಿ ಸರ್. ಮೊದಲು ಹುದ್ದೆಯ ಹೆಸರು ಬದಲಾಗಲಿ.

ಅಸೋಸಿಯೇಟ್ ಪ್ರೊಫೆಸರ್ ಆಗಲು ಅಸಿಸ್ಟೆಂಟ್ ಪ್ರೊಫೆಸರ್ ಆಗಿ 4 ವರ್ಷ, 2 ಪ್ರಕಟಣೆ, ಜತೆಗೆ ಮೆಡಿಕಲ್ ಎಜುಕೇಷನ್ ಮತ್ತು ಬಯೋಮೆಡಿಕಲ್ ರಿಸರ್ಚ್ ಬೇಸಿಕ್ ಕೋರ್ಸ್ ಎರಡೂ ಬೇಕು. ಕಾಲೇಜು ಸೇವೆಯೇ ಇಲ್ಲದವರಿಗೆ ಆ ಹೆಸರು ಕೊಟ್ಟರೆ ಕಾಗದದಲ್ಲೇ ತಪ್ಪು. 2025ರ ನಿಯಮದಲ್ಲಿ ಒಂದು ದಾರಿ ತೆರೆದಿದ್ದಾರೆ, ನಿಜ. ಆದರೆ ಅದು 220 ಹಾಸಿಗೆಗೆ ಕಡಿಮೆಯಿಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಸ್ಪೆಷಲಿಸ್ಟ್‌ಗಳಿಗೆ: 2 ವರ್ಷಕ್ಕೆ ಅಸಿಸ್ಟೆಂಟ್, 10 ವರ್ಷಕ್ಕೆ ಅಸೋಸಿಯೇಟ್. ಸ್ವಂತ ನರ್ಸಿಂಗ್ ಹೋಂನಲ್ಲಿ ಇಪ್ಪತ್ತು ವರ್ಷ ಆಪರೇಷನ್ ಮಾಡಿದ್ದರೂ ಆ ದಾರಿ ನಿಮಗಲ್ಲ. ಎಷ್ಟೋ ಜನ ಇದನ್ನು ತಪ್ಪು ತಿಳಿದುಕೊಂಡಿದ್ದಾರೆ.

ಇನ್ನು ಹಾಜರಾತಿ. ಫ್ಯಾಕಲ್ಟಿಗೆ ಒಟ್ಟು ಕೆಲಸದ ದಿನಗಳ 75 ಪರ್ಸೆಂಟ್ ಬೇಕು. ವಾರಕ್ಕೆ 6 ದಿನದಲ್ಲಿ 3 ದಿನ ಅಂದರೆ 50 ಪರ್ಸೆಂಟ್, ಒಂದು ರಜೆಯನ್ನೂ ಹಾಕದೆ ಇದ್ದರೆ. 2025ರ ಮೇ 1ರಿಂದ ಬೆರಳಚ್ಚು ಹೋಗಿ ಆಧಾರ್ ಫೇಸ್, ಜತೆಗೆ ಜಿಪಿಎಸ್ ಬಂದಿದೆ, ಅಂದರೆ ಕ್ಯಾಂಪಸ್‌ನಲ್ಲೇ ನಿಂತು ಮುಖ ತೋರಿಸಬೇಕು. ಆ ವ್ಯವಸ್ಥೆ ಇರುವುದು ಪೂರ್ಣಾವಧಿ ಲೆಕ್ಕದವರಿಗೆ. ಮೂರು ಬೆಳಿಗ್ಗೆ ಬರುವವರನ್ನು ಅದಕ್ಕೆ ಯಾಕೆ ಸೇರಿಸಬೇಕು? ನನ್ನ ಪ್ರಕಾರ ನಿಮ್ಮನ್ನು ಪೂರ್ಣಾವಧಿ ಪಟ್ಟಿಯಲ್ಲಿ ತೋರಿಸುವ ಆಲೋಚನೆ ಇದೆ.

ಖಾತ್ರಿ ಮಾಡಿಕೊಳ್ಳಬೇಕಾದರೆ ಡಿಕ್ಲರೇಷನ್ ಫಾರಂ ತರಿಸಿ ಓದಿ. "ಈ ಶೈಕ್ಷಣಿಕ ವರ್ಷದಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಫ್ಯಾಕಲ್ಟಿಯಾಗಿ ಹಾಜರಾಗಿಲ್ಲ" ಅನ್ನುವ ಅರ್ಥದ ಸಾಲಿರುತ್ತದೆ. ಖಾಸಗಿ ಪ್ರಾಕ್ಟೀಸ್ ಇದೆಯೋ ಇಲ್ಲವೋ, ಇದ್ದರೆ ಯಾವ ಊರು, ಎಷ್ಟರಿಂದ ಎಷ್ಟು ಗಂಟೆ ಅಂತ ತುಂಬುವ ಜಾಗವೂ ಇರುತ್ತದೆ. ಅಲ್ಲಿ ಸಂಜೆ 5ರಿಂದ 8 ಅಂತ ಬರೆದು, ನಿಮ್ಮ ನರ್ಸಿಂಗ್ ಹೋಂನ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿಯಲ್ಲಿ ಮಧ್ಯಾಹ್ನದ ಒಪಿಡಿ ಇದ್ದರೆ ಎರಡು ಕಾಗದಗಳೇ ಒಂದರ ಮೇಲೊಂದು ಸಾಕ್ಷಿ ಹೇಳುತ್ತವೆ. ಕೊನೆಗೆ ಸಹಿ ನಿಮ್ಮದು, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಮತ್ತು ಡೀನ್ ಆಮೇಲೆ. 2025ರ ಜುಲೈನಲ್ಲಿ ಮೆಡಿಕಲ್ ಕಾಲೇಜು ಮಾನ್ಯತೆಯ ಲಂಚದ ಸಿಬಿಐ ಪ್ರಕರಣ ಬಯಲಾದ ಮೇಲೆ ಗೋಸ್ಟ್ ಫ್ಯಾಕಲ್ಟಿ (ಕಾಗದದಲ್ಲಷ್ಟೇ ಇರುವ ಬೋಧಕರು) ಅನ್ನೋದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಮಾತು. 2023ರ ನಿಯಮದಲ್ಲಿ ಕಾಲೇಜಿಗೆ 1 ಕೋಟಿವರೆಗೆ ದಂಡ ಇದೆ. ಕಾಲೇಜು ದಂಡ ಕಟ್ಟಿ ಮುಂದೆ ಹೋಗುತ್ತದೆ, ಸುಳ್ಳು ಡಿಕ್ಲರೇಷನ್‌ಗೆ ಮೆಡಿಕಲ್ ಕೌನ್ಸಿಲ್ ಮುಂದೆ ನಿಲ್ಲಬೇಕಾದವರು ನೀವು.

ಸರಿಯಾದ ದಾರಿಯೂ ಇದೆ. ನಿಗದಿತ ಪೂರ್ಣಾವಧಿ ಸಂಖ್ಯೆಯ ಮೇಲೆ, ಹೆಚ್ಚುವರಿಯಾಗಿ, ವಿಸಿಟಿಂಗ್ ಫ್ಯಾಕಲ್ಟಿ ಇಟ್ಟುಕೊಳ್ಳಲು 2020ರ ಕನಿಷ್ಠ ಮಾನದಂಡ ನಿಯಮದಲ್ಲೇ ಅವಕಾಶ ಕೊಟ್ಟಿದ್ದಾರೆ. ಹುದ್ದೆ "ವಿಸಿಟಿಂಗ್ ಫ್ಯಾಕಲ್ಟಿ, ಸರ್ಜರಿ" ಅಂತ ಇರಲಿ. ಪತ್ರದಲ್ಲಿ ಒಂದು ವಾಕ್ಯ ಹಾಕಿಸಿ: "ಇವರನ್ನು ನಿಗದಿತ ಬೋಧಕ ಸಂಖ್ಯೆಗೆ ಲೆಕ್ಕ ಹಿಡಿಯುವುದಿಲ್ಲ." ಇದಕ್ಕೆ ಕಾಲೇಜು ಒಪ್ಪದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಸರ್ಟಿಫಿಕೇಟ್ ಒರಿಜಿನಲ್ ಪರಿಶೀಲನೆಗೆ ತೋರಿಸಿ, ಅಲ್ಲೇ ವಾಪಸ್ ತಗೊಳ್ಳಿ. ಒಂದು ರಾತ್ರಿಯೂ ಬಿಟ್ಟು ಬರಬೇಡಿ.

ಹುಬ್ಬಳ್ಳಿ ಕರಿಕ್ಯುಲಮ್

ಮೇಲಿನವರು ಹೇಳಿದ್ದು ಖರೇ ಅದ. ನಾ ಎರಡನೇ ಪ್ರಶ್ನೆಗೆ ಬರ್ತೀನ್ರಿ.

ನಿಯಮದ ಪುಸ್ತಕದಾಗ ಪಾರ್ಟ್‌ಟೈಮ್‌ನವರಿಗೆ ಪ್ರಾತಿನಿಧ್ಯ ಅಂತ ಕುರ್ಚಿ ಹಾಕಿಲ್ಲ. ಸಂಖ್ಯೆಗೆ ಲೆಕ್ಕ ಇಲ್ಲ, ಪಿಜಿ ಗೈಡ್ ಆಗೂದಿಲ್ಲ, ಬಡ್ತಿಗೆ ಅನುಭವ ಅಂತ ಹಿಡಿಯೂದಿಲ್ಲ. ಹಿಂಗಾಗಿ ಕಾಲೇಜ್ ಕೌನ್ಸಿಲ್‌ನಾಗ ಅವರ ಹೆಸರು ಯಾರಿಗೂ ನೆನಪಾಗೂದಿಲ್ಲ. ಆದರ ಬ್ಯಾಡ ಅಂತಲೂ ಎಲ್ಲೂ ಬರದಿಲ್ಲ. ಅಲ್ಲೇ ಜಾಗಾ ಮಾಡ್ಕೋಬೇಕು.

ಮೊದಲು ಲಾಗ್‌ಬುಕ್ ವಿಚಾರ, ಯಾಕಂದ್ರ ಗೊಂದಲ ಶುರು ಆಗೂದೇ ಅಲ್ಲಿಂದ. ಸಿಬಿಎಂಇ (ಕೌಶಲ ಆಧಾರದ ಎಂಬಿಬಿಎಸ್ ಪಠ್ಯಕ್ರಮ) ಬಂದ ಮ್ಯಾಲೆ ಪ್ರತಿ ಹುಡುಗನ ಲಾಗ್‌ಬುಕ್‌ನಾಗ ಕಾಂಪಿಟೆನ್ಸಿ (ಕಲೀಬೇಕಾದ ಕೌಶಲ) ನಂಬರು, ಚಟುವಟಿಕೆ, ದಿನಾಂಕ, ಇದು ಮೊದಲ ಪ್ರಯತ್ನವೋ ರಿಪೀಟೋ ರೆಮಿಡಿಯಲೋ, ಆಮ್ಯಾಲೆ ರೇಟಿಂಗ್: ಬಿಲೋ, ಮೀಟ್ಸ್, ಎಕ್ಸೀಡ್ಸ್ (ನಿರೀಕ್ಷೆಗಿಂತ ಕಡಿಮಿ, ನಿರೀಕ್ಷೆಯಷ್ಟು, ಅದಕ್ಕೂ ಮೀರಿದ್ದು). ಅದರ ಮುಂದ ಫ್ಯಾಕಲ್ಟಿ ನಿರ್ಧಾರ, ಫ್ಯಾಕಲ್ಟಿ ಇನಿಷಿಯಲ್, ಹುಡುಗನ ಇನಿಷಿಯಲ್. ಈಗ ಎಸ್‌ಯು 14.4 ತಗೋರಿ, ಅಸೆಪ್ಸಿಸ್ (ಸೋಂಕು ತಗಲದಂಗ ನೋಡ್ಕೊಳ್ಳೂದು) ಮತ್ತ ಹೊಲಿಗಿ. ಸೋಮವಾರ ನೀವು ಮ್ಯಾನಿಕಿನ್ ಮ್ಯಾಲೆ ಮಾಡಿಸಿ ಒಬ್ಬಗ "ಬಿಲೋ, ರಿಪೀಟ್" ಅಂತ ಬರದ್ರಿ. ಅಂವ ಮಂಗಳವಾರ ಇನ್ನೊಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಕಡೆ ಹೋಗಿ "ಮೀಟ್ಸ್, ಕಂಪ್ಲೀಟೆಡ್" ಹಾಕಿಸ್ಕೊಂಡು ಬರ್ತಾನ. ಬುಧವಾರ ನೀವು ಬಂದಾಗ ಆ ಸಾಲು ಮುಗದದ. ನಿಮ್ಮ ರಿಪೀಟ್‌ಗೆ ಅರ್ಥ ಉಳೀಲಿಲ್ಲ.

ಇದಕ್ಕ ಪರಿಹಾರ ಬರವಣಿಗಿನಾಗ ಬೇಕು. ರಿಪೀಟ್ ಅಂತ ಬರದವರೇ ಮರುಮೌಲ್ಯಮಾಪನ ಮಾಡಬೇಕು, ಇಲ್ಲಾ ಅವರಿಗೆ ತಿಳಿಸಿ ಎಚ್‌ಒಡಿ ನೇಮಿಸಿದವರು ಮಾಡಬೇಕು ಅಂತ ಡಿಪಾರ್ಟ್‌ಮೆಂಟ್ ಮೀಟಿಂಗ್‌ನಾಗ ಠರಾವು ಮಾಡಸ್ರಿ. ಬ್ಯಾಚ್‌ನ ರೋಲ್ ನಂಬರ್ ಲಿಸ್ಟು ನಿಮ್ಮ ಕಡೆನೂ ಇರಲಿ. ಹಾಜರಾತಿ ಆ ದಿನವೇ ಡಿಪಾರ್ಟ್‌ಮೆಂಟ್ ರಿಜಿಸ್ಟರ್‌ಗೆ ಏರಿಸ್ರಿ. ಹುಡುಗರಿಗೆ ಥಿಯರಿ 75, ಕ್ಲಿನಿಕಲ್ 80 ಪರ್ಸೆಂಟ್ ಬೇಕು. ಪರೀಕ್ಷಾ ಹೊತ್ತಿನಾಗ ಕಡಿಮಿ ಬಿದ್ದವರ ಮನಿಯವರು ಬಂದು ಕೇಳಿದಾಗ, ಹೊರಗಿನಿಂದ ಬಂದವರ ಶೀಟ್ ಕಳದದ ಅನ್ನೂದು ಭಾಳ ಸುಲಭದ ನೆಪ.

ಮೀಟಿಂಗ್ ಯಾವಾಗ ಇಡ್ತಾರ ಅನ್ನೂದು ಸಣ್ಣ ಸಂಗತಿ ಅಂತ ತಿಳೀಬ್ಯಾಡ್ರಿ. ಶನಿವಾರ ಮಧ್ಯಾಹ್ನ ಇಟ್ಟರ ಪಾರ್ಟ್‌ಟೈಮ್‌ನವರು ಯಾರೂ ಇರೂದಿಲ್ಲ, "ಯಾರೂ ಆಕ್ಷೇಪ ಎತ್ತಲಿಲ್ಲ" ಅಂತ ಮಿನಿಟ್ಸ್ ಬರೀತಾರ. ತಿಂಗಳಿಗೊಮ್ಮೆ ನಿಮ್ಮ ಮೂರು ದಿನದಾಗ ಒಂದು ದಿನ, 12ರ ನಂತರ, ಅಂತ ಪತ್ರದಾಗೇ ಕೇಳ್ರಿ. ಮಿನಿಟ್ಸ್ ಪ್ರತಿ ಇಮೇಲ್‌ನಾಗ ಬರಬೇಕು. ಬರಲಿಕ್ಕೆ ಆಗದಿದ್ದಾಗ ಲಿಖಿತ ಅಭಿಪ್ರಾಯ ಕಳಿಸಿದರ ಅದನ್ನ ಮಿನಿಟ್ಸ್‌ಗೆ ಲಗತ್ತಿಸಬೇಕು.

ಕರಿಕ್ಯುಲಮ್ ಕಮಿಟಿಯೊಳಗ ಡೀನ್, ಮೆಡಿಕಲ್ ಎಜುಕೇಷನ್ ಯುನಿಟ್‌ನವರು, ಡಿಪಾರ್ಟ್‌ಮೆಂಟ್‌ಗಳ ಕಡೆಯವರು ಇರ್ತಾರ, ಹುಡುಗರ ಪ್ರತಿನಿಧಿನೂ ಇರ್ತಾನ. ವಿಸಿಟಿಂಗ್‌ನವರು ಕಾಲೇಜ್ ತುಂಬ ಎಂಟ್ಹತ್ತು ಮಂದಿ ಇದ್ದರ, ಒಬ್ಬರನ್ನ ತಾವೇ ಆರಿಸಿ "ವಿಶೇಷ ಆಹ್ವಾನಿತ" ಅಂತ ಕಳಸ್ರಿ. ಮತ ಇರೂದಿಲ್ಲ. ಆದರ ಟೈಮ್‌ಟೇಬಲ್ ಬ್ಲಾಕ್ ನಿರ್ಧಾರ ಆಗೂವಾಗ ಮತಕ್ಕಿಂತ, ಕರಡು ಮುಂದ ಇದ್ದಾಗ ಅಲ್ಲಿ ಕೂತಿರೂದು ಮುಖ್ಯ. ಡೀನ್ ನಾಮಕರಣ ಮಾಡಿದವರನ್ನ ಒಪ್ಪಬ್ಯಾಡ್ರಿ, ಅಂಥವರು ಡೀನ್ ಮಾತನ್ನೇ ಹಿಂದಕ ತರ್ತಾರ.

ಮಿಚಿಗನ್ ಕನ್ನಡಿಗ

ಇಲ್ಲಿ ಲೆಕ್ಕ ಬೇರೆ, ಹೋಲಿಕೆಗೆ ಹೇಳ್ತೀನಿ. ಅಮೆರಿಕದಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಲ್‌ಸಿಎಂಇ 9.2ನೇ ಅಂಶದ ಪ್ರಕಾರ, ಕಡ್ಡಾಯ ಕ್ಲರ್ಕ್‌ಶಿಪ್‌ಗಳಲ್ಲಿ (ರೋಗಿಗಳ ನಡುವಿನ ತರಬೇತಿ) ವಿದ್ಯಾರ್ಥಿಯ ಮೇಲ್ವಿಚಾರಣೆ ಕಾಲೇಜಿನ ಫ್ಯಾಕಲ್ಟಿಯದೇ ಆಗಿರಬೇಕು. ಹಾಗಾಗಿ ಊರಿನ ಕ್ಲಿನಿಕ್‌ನಲ್ಲಿ ತಿಂಗಳಿಗೆ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳುವ ಡಾಕ್ಟರಿಗೂ ಕಾಲೇಜು ನೇಮಕಾತಿ ಕೊಡಲೇಬೇಕು, "ಕ್ಲಿನಿಕಲ್ ಅಸಿಸ್ಟೆಂಟ್ ಪ್ರೊಫೆಸರ್" ಅಂತಲೋ "ಅಡ್ಜಂಕ್ಟ್" ಅಂತಲೋ. ಸಂಬಳ ಬಹುತೇಕ ಇಲ್ಲ, ವಾಲಂಟರಿ. ನಿಯಮವೇ ಇವರನ್ನು ಒಳಗೆ ಎಳೆದುಕೊಳ್ಳುತ್ತದೆ, ನಿಮ್ಮಲ್ಲಿ ಹೊರಗೆ ನಿಲ್ಲಿಸುತ್ತದೆ.

ಮತದಾನ ಮಾತ್ರ ಇಲ್ಲೂ ತಕರಾರಿನದೇ. 1.3ನೇ ಅಂಶ ಶಿಕ್ಷಣದ ನಿರ್ಧಾರಗಳಲ್ಲಿ ಫ್ಯಾಕಲ್ಟಿ ನೇರವಾಗಿ ಭಾಗವಹಿಸಬೇಕು ಅನ್ನುತ್ತೆ, ಆದರೆ ಯಾರಿಗೆ ಮತ ಅನ್ನೋದು ಆಯಾ ಕಾಲೇಜಿನ ಬೈಲಾಗೆ ಬಿಟ್ಟದ್ದು. ಎಷ್ಟೋ ಕಡೆ ಪೂರ್ಣಾವಧಿಯವರಿಗೆ ಮಾತ್ರ ಮತ. ಕೆಲವು ಕಡೆ ವಾಲಂಟರಿ ಫ್ಯಾಕಲ್ಟಿಗೆಂದೇ ಸೆನೆಟ್‌ನಲ್ಲಿ ಒಂದೆರಡು ಸ್ಥಾನ. ಎಲ್ಲರಿಗೂ ಮತ ಕೊಟ್ಟರೆ ಸಾವಿರಾರು ವಾಲಂಟರಿಗಳು ಬಂದು ಪೂರ್ಣಾವಧಿಯವರನ್ನು ಮುಳುಗಿಸುತ್ತಾರೆ ಅನ್ನುವ ಭಯ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಮೀಸಲು ಸ್ಥಾನವೇ ಒಳ್ಳೆಯ ಮಧ್ಯದ ದಾರಿ.

ಅಂದಹಾಗೆ, ಪೂರ್ಣಾವಧಿಯೇ ಶ್ರೇಷ್ಠ ಅನ್ನೋ ನಂಬಿಕೆಗೆ ನೂರು ವರ್ಷಕ್ಕೂ ಮೀರಿದ ವಯಸ್ಸು. ಜಾನ್ಸ್ ಹಾಪ್‌ಕಿನ್ಸ್ 1913ರಲ್ಲಿ ದೊಡ್ಡ ಅನುದಾನ ಪಡೆದು ಕ್ಲಿನಿಕಲ್ ಪ್ರೊಫೆಸರುಗಳನ್ನು ಸಂಬಳದ ಮೇಲೆ ಪೂರ್ಣಾವಧಿ ಮಾಡಿತು. ಅಲ್ಲಿಂದ ಅಷ್ಟರಲ್ಲಾಗಲೇ ಆಕ್ಸ್‌ಫರ್ಡ್‌ಗೆ ಹೋಗಿದ್ದ ವಿಲಿಯಂ ಆಸ್ಲರ್ ಅದನ್ನು ಜೋರಾಗಿಯೇ ವಿರೋಧಿಸಿದ್ದರು. ಹೊರಗಿನ ರೋಗಿಗಳ ಜಗತ್ತಿನಿಂದ ಅಧ್ಯಾಪಕರು ದೂರವಾಗುತ್ತಾರೆ ಅನ್ನೋದು ಅವರ ಆತಂಕ.

ಹಾಸನ ಸರ್ಜನ್

ಎಲ್ಲರಿಗೂ ಧನ್ಯವಾದ. ಹುದ್ದೆಯ ಹೆಸರು ಬದಲಿಸಲು ಕೇಳ್ತೀನಿ. ವಿಸಿಟಿಂಗ್ ಅಂತ ಹೋದರೆ ದುಡ್ಡಿನ ಲೆಕ್ಕ, ಇಂಡೆಮ್ನಿಟಿ (ಚಿಕಿತ್ಸೆಯ ತಪ್ಪಿಗೆ ಪರಿಹಾರದ ವಿಮೆ) ಹೇಗೆ? ಅಲ್ಲಿನ ರೋಗಿಗಳಿಗೆ ಆಪರೇಷನ್ನೂ ಮಾಡಿಸಬಹುದು.

ಆಡಿಟರ್ ಮೈಸೂರು

ಸಂಬಳ ಅಲ್ಲ, ವೃತ್ತಿ ಶುಲ್ಕ ಅಂತ ಬರಲಿ. ಆಗ ಟಿಡಿಎಸ್ (ಕೊಡುವಾಗಲೇ ಕಡಿಯುವ ತೆರಿಗೆ) ಸಂಬಳದ ಸೆಕ್ಷನ್ 192ರಲ್ಲಿ ಅಲ್ಲ, ವೃತ್ತಿ ಶುಲ್ಕದ 194ಜೆ ಪ್ರಕಾರ 10 ಪರ್ಸೆಂಟ್; ಇಲ್ಲಿ ಹೇಳುವ ಸೆಕ್ಷನ್, ಫಾರಂ ಸಂಖ್ಯೆಗಳು 2026ರ ಮಾರ್ಚ್ 31ರವರೆಗಿನ 1961ರ ಆದಾಯ ತೆರಿಗೆ ಕಾಯ್ದೆಯವು. 2025-26ರಿಂದ ವರ್ಷಕ್ಕೆ 50,000 ದಾಟಿದರೆ ಕಡಿತ, ಮುಂಚೆ 30,000 ಇತ್ತು. ಕೈಗೆ ಸಿಗಬೇಕಾದ್ದು ಫಾರಂ 16ಎ, ಅಂದರೆ ಸಂಬಳವಲ್ಲದ ಪಾವತಿಯ ಟಿಡಿಎಸ್ ಸರ್ಟಿಫಿಕೇಟ್. ಬರೀ ಫಾರಂ 16 ಕೊಟ್ಟರೆ ನಿಮ್ಮನ್ನು ನೌಕರ ಅಂತ ತೋರಿಸಿದ್ದಾರೆ ಅಂತ ಅರ್ಥ. ಫ್ಯಾಕಲ್ಟಿ ಪರಿಶೀಲನೆಗೆ ಕೇಳುವುದೂ ಆ ಫಾರಂ 16 ಅನ್ನೇ. ಮೂರು ತಿಂಗಳಿಗೊಮ್ಮೆ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ಯಾವ ಸೆಕ್ಷನ್‌ನಲ್ಲಿ ಕಡಿತ ಆಗಿದೆ ನೋಡಿ. ಕಾಲೇಜು ಬಾಯಲ್ಲಿ ಏನೇ ಹೇಳಲಿ, ಅಲ್ಲಿ ನಿಜ ಕಾಣುತ್ತೆ.

ಜಿಎಸ್‌ಟಿಯಲ್ಲೂ ಒಂದು ಕೊಕ್ಕೆ ಇದೆ. ಚಿಕಿತ್ಸೆಗೆ ವಿನಾಯಿತಿ ಇದೆ, ಗೆಸ್ಟ್ ಲೆಕ್ಚರ್ ಶುಲ್ಕಕ್ಕೆ ಹಾಗಿಲ್ಲ. 20 ಲಕ್ಷದ ಮಿತಿ ನೋಡುವಾಗ ವಿನಾಯಿತಿ ಇರುವ ವಹಿವಾಟೂ ಸೇರುತ್ತದೆ. ನರ್ಸಿಂಗ್ ಹೋಂ ವಹಿವಾಟು ನಿಮ್ಮ ಸ್ವಂತ ಹೆಸರಲ್ಲೇ ಇದ್ದರೆ, ಪಾಠದ ಶುಲ್ಕ ಎರಡು ಲಕ್ಷವೇ ಆದರೂ ನೋಂದಣಿ ಪ್ರಶ್ನೆ ಏಳುತ್ತೆ. ಪತ್ರಕ್ಕೆ ಸಹಿ ಹಾಕುವ ಮೊದಲೇ ನಿಮ್ಮ ಆಡಿಟರಿಗೆ ತೋರಿಸಿ.

ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್

ಆಪರೇಷನ್ ವಿಚಾರ: ರೋಗಿ ಯೂನಿಟ್ ಚೀಫ್ ಹೆಸರಲ್ಲಿ ಅಡ್ಮಿಟ್ ಆಗಲಿ. ನೀವು 12ಕ್ಕೆ ಹೊರಟ ಮೇಲೆ ಸಂಜೆ ಬ್ಲೀಡಿಂಗ್ ಆದರೆ ಯಾರು ಬರಬೇಕು ಅನ್ನೋದು ಕೇಸ್ ಶೀಟ್‌ನಲ್ಲೇ ಇರಬೇಕು, ಆ ಹೆಸರು ಪೂರ್ಣಾವಧಿಯವರದಾಗಿರಬೇಕು. ಆಪರೇಷನ್ ನೋಟ್ ಅಂದೇ ಬರೆದು ಸಮಯ ಹಾಕಿ ಸಹಿ ಮಾಡಿ ಹೊರಡಿ. ಇಂಡೆಮ್ನಿಟಿ ಪಾಲಿಸಿಯಲ್ಲಿ ಕೆಲಸದ ಸ್ಥಳ ಅಂತ ನರ್ಸಿಂಗ್ ಹೋಂ ಒಂದೇ ಇದ್ದರೆ ಕಾಲೇಜು ಆಸ್ಪತ್ರೆಯನ್ನೂ ಸೇರಿಸಿ, ಎಂಡಾರ್ಸ್‌ಮೆಂಟ್ ಕಾಗದ ಕೈಗೆ ಬರುವ ತನಕ ಕತ್ತರಿ ಹಿಡಿಯಬೇಡಿ.

ಇನ್ನೊಂದು ಕೇಳಿ ಪಡೆಯಿರಿ: ರಾಜೀವ್ ಗಾಂಧಿ ಆರೋಗ್ಯ ವಿವಿಯ ಹೆಲಿನೆಟ್ ಜರ್ನಲ್ ಲಾಗಿನ್. ವಿಸಿಟಿಂಗ್‌ನವರು ಕೇಳದೆ ಯಾರೂ ಕೊಡೋದಿಲ್ಲ, ಕೇಳಿದರೆ ಲೈಬ್ರರಿಯನ್ ಹತ್ತಿರ ಒಂದು ಅರ್ಜಿ, ಎಚ್‌ಒಡಿ ಸಹಿ, ಅಷ್ಟೇ.