ಮಣಿಕಟ್ಟು ಮುರಿದು 14 ವಾರಗಳಾದವು: ಮತ್ತೆ ಬೈಕ್ ಹತ್ತಬಹುದೇ?

ಪ್ರಶ್ನೆ: ಎಡಗೈ ಸವಾರ

ಎಲ್ಲರಿಗೂ ನಮಸ್ಕಾರ. 14 ವಾರಗಳ ಹಿಂದೆ, ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿ ಬೈಕಿನಿಂದ ಬಿದ್ದೆ. ವೇಗವೇನೂ ಹೆಚ್ಚಿರಲಿಲ್ಲ, ಆದರೆ ಬೀಳುವಾಗ ಎಡಗೈಯನ್ನು ನೆಲಕ್ಕೆ ಊರಿದ್ದರಿಂದ ಮಣಿಕಟ್ಟಿನ ಬಳಿ ರೇಡಿಯಸ್ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟ್ ಮತ್ತು ಸ್ಕ್ರೂಗಳನ್ನು ಕೂರಿಸಿದ್ದಾರೆ. ಕಳೆದ ವಾರ ಎಕ್ಸ್‌ರೇ ನೋಡಿದ ವೈದ್ಯರು, ಮೂಳೆ ಚೆನ್ನಾಗಿ ಕೂಡಿಕೊಂಡಿದೆ, ದಿನನಿತ್ಯದ ಕೆಲಸಗಳಿಗೆ ಅಡ್ಡಿಯಿಲ್ಲ ಎಂದರು. ಬೈಕಿನ ವಿಷಯ ಕೇಳಿದ್ದಕ್ಕೆ, "ನೋವಿಲ್ಲದಿದ್ದರೆ ಓಡಿಸಿ" ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು.

ನನ್ನ ಗೊಂದಲ ಆರಂಭವಾಗಿದ್ದೇ ಆ ಮಾತಿನಿಂದ. ತುಂಬಿದ ಜಗ್ಗನ್ನು ಎತ್ತುವಾಗ ನೋವಿಲ್ಲ. ಬಾಗಿಲಿನ ಗುಂಡು ಹಿಡಿಯನ್ನು ತಿರುಗಿಸುವಾಗ ಸ್ವಲ್ಪ ಇದೆ. ನಿನ್ನೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಕುಳಿತು, ಎಂಜಿನ್ ಚಾಲೂ ಮಾಡದೆ ಕ್ಲಚ್ ಹಿಡಿದು ಬಿಟ್ಟು ನೋಡಿದೆ. ಮೊದಲ ಹದಿನೈದು ಸಲ ಸರಾಗವಾಗಿ ಆಯಿತು. ಇಪ್ಪತ್ತೈದರ ಹೊತ್ತಿಗೆ ಕಿರುಬೆರಳು ಮತ್ತು ಉಂಗುರದ ಬೆರಳು ಲಿವರ್‌ನಿಂದ ತಾವಾಗಿಯೇ ಜಾರತೊಡಗಿದವು, ಮುಂಗೈ ಸಣ್ಣಗೆ ನಡುಗಿತು. ಆಗಲೂ ನೋವು ಇರಲಿಲ್ಲ. ಹಾಗಾದರೆ ವೈದ್ಯರ ಮಾತಿನ ಪ್ರಕಾರ ನಾನು ಹೊರಡಬಹುದೇ? ಸ್ವಲ್ಪ ದಿನ ಕ್ಲಚ್ ಇಲ್ಲದ ವಾಹನಕ್ಕೆ ಹೋಗುವುದು ಒಳ್ಳೆಯದೇ?

ಇನ್ನೊಂದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗಲೂ ರಸ್ತೆಯ ಮೇಲೆ ಜಲ್ಲಿ ಕಂಡರೆ ನನ್ನ ಎಡಗೈ ಮುಷ್ಟಿ ಕಟ್ಟಿಕೊಳ್ಳುತ್ತದೆ. ಇದು ತಾನಾಗಿಯೇ ಹೋಗುತ್ತದೆಯೇ, ಅಥವಾ ಹೋಗುವವರೆಗೆ ಕಾಯಬೇಕೇ?

ಉತ್ತರ: ಹಳೆಯ ಕೇಬಲ್

ನಿಮ್ಮ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದಿದ್ದೀರಿ. ಇಪ್ಪತ್ತೈದನೆಯ ಸಲಕ್ಕೆ ಬೆರಳು ಜಾರಿದ್ದರೆ ಇನ್ನೂ ಕಾಲ ಕೂಡಿಬಂದಿಲ್ಲ. ವಾಹನಗಳು ಕಿಕ್ಕಿರಿದ ರಸ್ತೆಯಲ್ಲಿ ನಿಂತು ನಿಂತು ಸಾಗುವಾಗ ಕಾಲು ಗಂಟೆಯೊಳಗೆ ಅಷ್ಟು ಸಲ ಕ್ಲಚ್ ಹಿಡಿದು ಬಿಟ್ಟಿರುತ್ತೇವೆ, ಅದರಲ್ಲಿ ಬಹುಪಾಲು ಹಾಫ್ ಕ್ಲಚ್ಚೇ ಆಗಿರುತ್ತದೆ. ಲಿವರ್ ಅನ್ನು ಪೂರ್ತಿ ಎಳೆಯುವುದಕ್ಕಿಂತ, ಅರ್ಧಕ್ಕೆ ಹಿಡಿದು ನಿಲ್ಲಿಸಿ ನಿಧಾನವಾಗಿ ಬಿಡುವುದೇ ಸೋತ ಕೈಗೆ ಕಷ್ಟ. ಆ ಹೊತ್ತಿನಲ್ಲಿ ಲಿವರ್ ಕೈತಪ್ಪಿದರೆ ಗೇರಿನಲ್ಲಿರುವ ಬೈಕು ಮುಂದಿನ ವಾಹನದ ಮೇಲೆ ಹಾರುತ್ತದೆ.

ಆರು ವರ್ಷಗಳ ಹಿಂದೆ ನನಗೂ ಇದೇ ಮೂಳೆ ಮುರಿದಿತ್ತು, ಆದರೆ ಬಲಗೈಯಲ್ಲಿ. ಕ್ಲಚ್ ಇರುವುದು ಎಡಗೈಗೆ ತಾನೇ, ಆಕ್ಸಿಲರೇಟರ್ ತಿರುಗಿಸಲು ಎಷ್ಟು ಬಲ ಬೇಕು ಎಂದು ಲೆಕ್ಕ ಹಾಕಿ ಹತ್ತನೆಯ ವಾರಕ್ಕೇ ಹೊರಟುಬಿಟ್ಟೆ. ನಾಲ್ಕನೆಯ ದಿನ ನಾಯಿಯೊಂದು ಅಡ್ಡ ಬಂತು. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ ಕೂಡಲೇ ಮೈಭಾರವೆಲ್ಲ ಮುಂದಕ್ಕೆ ನುಗ್ಗಿ ಎರಡೂ ಅಂಗೈಗಳ ಮೇಲೆ ಬಿತ್ತು. ಎಡಗೈ ತಡೆಯಿತು, ಬಲಗೈ ತಡೆಯಲಿಲ್ಲ. ಬಲ ಮೊಣಕೈ ಮಡಚಿಕೊಂಡು ಹ್ಯಾಂಡಲ್ ಬಲಕ್ಕೆ ತಿರುಗಿತು. ನಾಯಿಯೂ ಉಳಿಯಿತು, ನಾನೂ ಬೀಳಲಿಲ್ಲ, ಆದರೆ ಉಳಿದ ದಾರಿಯನ್ನು ಬೈಕ್ ತಳ್ಳಿಕೊಂಡೇ ಮುಗಿಸಿದೆ. ಮಣಿಕಟ್ಟಿಗೆ ನಿಜವಾದ ಪರೀಕ್ಷೆ ಎದುರಾಗುವುದು ತುರ್ತಾಗಿ ಬ್ರೇಕ್ ಹಿಡಿದಾಗ ಎಂಬುದು ನನಗೆ ತಿಳಿದದ್ದು ಹಾಗೆ. ಆದ್ದರಿಂದ ಕ್ಲಚ್ಚನ್ನು ಎಣಿಸುವುದರ ಜೊತೆಗೆ, ಗೋಡೆಗೆ ಎರಡೂ ಅಂಗೈಗಳನ್ನು ಊರಿ ದಂಡ ಹೊಡೆಯುವಂತೆ ಮೈಭಾರ ಬಿಟ್ಟು ನೋಡಿ. ಅದು ಸಲೀಸಾದ ಮೇಲೆ ಅಲುಗಾಡದ ಮೇಜಿನ ಅಂಚಿನ ಮೇಲೆ ಅದನ್ನೇ ಮಾಡಿ. ಅಲ್ಲಿಯೂ ಎಡಗೈ ಬಲಗೈಯಷ್ಟೇ ಭಾರ ಹೊರುವವರೆಗೆ ರಸ್ತೆಗೆ ಇಳಿಯಬೇಡಿ.

ಅಷ್ಟರಲ್ಲಿ ಲಿವರ್ ಕಡೆಗೂ ಗಮನ ಕೊಡಿ. ನನ್ನ ಬೈಕಿನ ಕ್ಲಚ್ ಕೇಬಲ್ಲಿನೊಳಗೆ ಎರಡು ಮೂರು ಎಳೆಗಳು ತುಂಡಾಗಿ ಹೊರಕವಚಕ್ಕೆ ಉಜ್ಜುತ್ತಿದ್ದವು. ಗಟ್ಟಿ ಕೈಯಿದ್ದಾಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಹೊಸ ಕೇಬಲ್ ಹಾಕಿಸಿ, ಅದು ಎಲ್ಲಿಯೂ ಚೂಪಾಗಿ ಬಾಗದಂತೆ ಕೂರಿಸಿದ ಮೇಲೆ ಬೇರೆ ಬೈಕೇ ಎನ್ನಿಸಿತು. ಹ್ಯಾಂಡಲ್ಲಿಗೂ ಲಿವರ್‌ಗೂ ನಡುವಿನ ದೂರವನ್ನು ಕಡಿಮೆ ಮಾಡುವ ತಿರುಗಣೆ ಕೆಲವು ಲಿವರ್‌ಗಳಲ್ಲಿ ಇರುತ್ತದೆ, ಇಲ್ಲದಿದ್ದರೆ ಅಂಥದ್ದನ್ನು ಹಾಕಿಸಿಕೊಳ್ಳಬಹುದು. ಕ್ಲಚ್ ಹಗುರವಾಗಲಿ ಎಂದು ಕೇಬಲ್ಲಿನ ಫ್ರೀ ಪ್ಲೇ ಮಾತ್ರ ಪೂರ್ತಿ ತೆಗೆದುಬಿಡಬೇಡಿ. ಅನೇಕ ಬೈಕುಗಳಲ್ಲಿ ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಇರಬೇಕು. ಅದು ಇಲ್ಲದಿದ್ದರೆ ಕ್ಲಚ್ ಪೂರ್ತಿ ಕಚ್ಚಿಕೊಳ್ಳದೆ ಜಾರಿ ಪ್ಲೇಟುಗಳು ಸುಟ್ಟುಹೋಗುತ್ತವೆ.

ಅವಸರದ ವಿಷಯಕ್ಕೆ ಮೋಟೋಜಿಪಿ ಬೈಕ್ ರೇಸರ್ ಮಾರ್ಕ್ ಮಾರ್ಕೆಸ್ ಅವರ ಕಥೆ ಎಲ್ಲರಿಗೂ ಗೊತ್ತಿರುವುದೇ. 2020ರ ಜುಲೈನಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಬಿದ್ದು ಬಲ ತೋಳಿನ ಮೂಳೆ ಮುರಿದುಕೊಂಡವರು, ಪ್ಲೇಟ್ ಹಾಕಿಸಿಕೊಂಡು ಅದೇ ವಾರದ ಕೊನೆಗೆ ಮತ್ತೆ ಟ್ರ್ಯಾಕಿಗೆ ಇಳಿದು ನೋಡಿದರು, ಆಗದೆ ಹಿಂದೆ ಸರಿದರು. ಅದಾಗಿ ಕೆಲವೇ ದಿನಗಳಲ್ಲಿ ಮನೆಯಲ್ಲಿ ಕಿಟಕಿ ಬಾಗಿಲು ತೆರೆಯುವಾಗ ಆ ಪ್ಲೇಟ್ ಮುರಿಯಿತು. ಆ ವರ್ಷ ಅವರು ಮತ್ತೆ ರೇಸಿಗೆ ಇಳಿಯಲಿಲ್ಲ. ಆ ಒಂದು ತೋಳಿಗೆ ಒಟ್ಟು ನಾಲ್ಕು ಶಸ್ತ್ರಚಿಕಿತ್ಸೆಗಳಾದವು, ಕೊನೆಯದು 2022ರಲ್ಲಿ. ಮುಂದಿನ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ದಕ್ಕಿದ್ದು 2025ರಲ್ಲಿ. ಜಗತ್ತಿನ ಅತ್ಯುತ್ತಮ ವೈದ್ಯರು ಜೊತೆಗಿದ್ದವರ ಪಾಡೇ ಹೀಗಾದ ಮೇಲೆ, ನಾವು ಇನ್ನು ನಾಲ್ಕು ವಾರ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ.

ಉತ್ತರ: ಮುಂಗೈ

ನಾನು ಫಿಸಿಯೋಥೆರಪಿಸ್ಟ್, ಜೊತೆಗೆ ಬೈಕ್ ಸವಾರನೂ ಹೌದು. ನಿಮ್ಮನ್ನು ಕಣ್ಣಾರೆ ನೋಡದೆ ಹೇಳುತ್ತಿದ್ದೇನೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ವಾರಗಟ್ಟಲೆ ಕೆಲಸವಿಲ್ಲದೆ ಸೊರಗಿದ ಸ್ನಾಯು, ಬಿಗಿದುಕೊಂಡ ಕೀಲು ಅದರಲ್ಲಿ ಕಾಣುವುದಿಲ್ಲ. ಒಂದು ಸಣ್ಣ ಪ್ರಯೋಗ ಮಾಡಿ: ಗಾಯವಾಗದ ಬಲಗೈಯ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಬಿಗಿಯಲು ಪ್ರಯತ್ನಿಸಿ. ಬೆರಳುಗಳು ಸರಿಯಾಗಿ ಮುಚ್ಚುವುದೇ ಇಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಬಿಗಿಯಿರಿ. ಹಿಡಿತ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಪ್ಲೇಟ್ ಹಾಕಿದ ಕೈ ಹೀಗೆ ಹಿಂದಕ್ಕೆ ಬಾಗುವುದನ್ನು ಇನ್ನೂ ಪೂರ್ತಿ ಕಲಿತಿರದಿದ್ದರೆ, ಬೆರಳುಗಳಲ್ಲಿ ಬಲವಿದ್ದರೂ ಲಿವರ್‌ಗೆ ತಲುಪುವುದಿಲ್ಲ. ಲಿವರ್ ಕಟ್ಟಿರುವ ಕೋನವನ್ನು ಸಡಿಲಿಸಿ, ನೀವು ಸವಾರಿಯ ಭಂಗಿಯಲ್ಲಿ ಕುಳಿತಾಗ ಮುಂಗೈ, ಅಂಗೈ, ಬೆರಳುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರುವಂತೆ ಹೊಂದಿಸಿಕೊಳ್ಳಿ. ಬಾಗಿಲಿನ ಹಿಡಿ ತಿರುಗಿಸುವಾಗಿನ ನೋವಿಗೆ ನಾನು ಅಷ್ಟು ಮಹತ್ವ ಕೊಡುವುದಿಲ್ಲ. ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಆ ಚಲನೆ ಈ ಮುರಿತದ ನಂತರ ತಡವಾಗಿ ಮರಳುವುದುಂಟು, ಆದರೆ ಹ್ಯಾಂಡಲ್ ಹಿಡಿಯುವಾಗ ಅಂಗೈ ಕೆಳಮುಖವಾಗಿಯೇ ಇರುತ್ತದೆ.

ಕಿರುಬೆರಳು ಮತ್ತು ಉಂಗುರದ ಬೆರಳು ಜಾರಿದ್ದು ಬರಿಯ ದಣಿವಾಗಿರಬಹುದು. ಆದರೆ ಬೆರಳುಗಳಲ್ಲಿ ಜೋಮು ಅಥವಾ ಚುಚ್ಚಿದಂತಹ ಅನುಭವ ಇದೆಯೇ ಎಂದು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮಿದ್ದರೆ ಮೀಡಿಯನ್ ನರ, ಕಿರುಬೆರಳಿನಲ್ಲಿದ್ದರೆ ಅಲ್ನಾರ್ ನರ ಒತ್ತಡಕ್ಕೆ ಸಿಕ್ಕಿರಬಹುದು. ಹಾಗಿದ್ದರೆ ವ್ಯಾಯಾಮಕ್ಕೂ ಮೊದಲು ನಿಮ್ಮ ಶಸ್ತ್ರವೈದ್ಯರಿಗೆ ತಿಳಿಸಿ. ಜೋಮಿಲ್ಲದಿದ್ದರೆ ರಬ್ಬರ್ ಚೆಂಡನ್ನು ಹಿಸುಕುವ ವ್ಯಾಯಾಮ ಮಾಡಿ, ಆದರೆ ಹಿಸುಕಿದ ಮೇಲೆ ಬಿಡುವಾಗ ಐದರವರೆಗೆ ಎಣಿಸುತ್ತ ಬಿಡಿ. ಹಾಫ್ ಕ್ಲಚ್ಚಿಗೆ ಬೇಕಾದ ಬಲ ಅದೇ. ಎಷ್ಟು ಮಾಡಬೇಕು ಎಂಬುದನ್ನು ಮರುದಿನ ಬೆಳಗಿನ ಕೈಯೇ ಹೇಳುತ್ತದೆ: ಊತವೋ ಹೊಸ ಬಿಗಿತವೋ ಕಂಡರೆ ಹಿಂದಿನ ದಿನ ಅತಿಯಾಯಿತು ಎಂದರ್ಥ.

ನೋವಿಗೆ ಟ್ರಮಡಾಲ್, ಪ್ರಿಗಾಬಾಲಿನ್, ಗ್ಯಾಬಪೆಂಟಿನ್‌ನಂತಹ ಮಾತ್ರೆಗಳನ್ನು ಇನ್ನೂ ತೆಗೆದುಕೊಳ್ಳುತ್ತಿದ್ದರೆ ಬೈಕಿನ ಮಾತೇ ಬೇಡ. ಅವು ಮಂಪರು ತರುತ್ತವೆ, ಮೇಲಾಗಿ ಮಾತ್ರೆಯಿಂದ ಅಡಗಿದ ನೋವನ್ನು "ನೋವಿಲ್ಲ" ಎಂದು ಲೆಕ್ಕ ಹಿಡಿಯಲಾಗದು.

ಭಯಕ್ಕೆ ಸಂಕೋಚ ಬೇಡ. ಅದು ಪೂರ್ತಿ ಹೋಗಲಿ ಎಂದು ಕಾಯುತ್ತ ಕುಳಿತರೆ ಹೋಗುವುದೂ ಇಲ್ಲ. ಭಯದಿಂದ ನಿಜವಾದ ಅಪಾಯವೆಂದರೆ ತೋಳುಗಳು ಸೆಟೆದುಕೊಳ್ಳುವುದು. ಜಲ್ಲಿಯ ಮೇಲೆ ಮುಂದಿನ ಚಕ್ರ ಅತ್ತಿತ್ತ ಅಲುಗಿ ತನ್ನಷ್ಟಕ್ಕೆ ನೇರವಾಗಲು ಬಿಡಬೇಕು, ಬಿಗಿದ ಕೈ ಅದಕ್ಕೆ ಬಿಡುವುದಿಲ್ಲ. ಕೈಗೆ ಬಲ ಬಂದ ಮೇಲೆ, ವಾಹನಗಳಿಲ್ಲದ ಜಾಗದಲ್ಲಿ ತೆಳುವಾಗಿ ಜಲ್ಲಿಯಿರುವ ನೆಲವನ್ನು ಮೊದಲು ನಡೆದು ನೋಡಿ. ನಂತರ ಬೈಕನ್ನು ವಾಲಿಸದೆ, ಬ್ರೇಕ್ ಮುಟ್ಟದೆ, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ದೂರಕ್ಕೆ ನೋಡುತ್ತ ನೇರವಾಗಿ ನಿಧಾನವಾಗಿ ದಾಟಿ. ಬೆರಳುಗಳನ್ನು ಹ್ಯಾಂಡಲ್ ಮೇಲೆ ಪಿಯಾನೋ ನುಡಿಸುವಂತೆ ಒಮ್ಮೆ ಆಡಿಸಲು ಸಾಧ್ಯವಾದರೆ ತೋಳು ಸಡಿಲವಾಗಿದೆ ಎಂದು ತಿಳಿಯಿರಿ. ಬಿದ್ದ ಗಳಿಗೆ ನಿದ್ದೆಯಲ್ಲೂ ಮರಳಿ ಮರಳಿ ಕಾಡುತ್ತಿದ್ದರೆ ಮಾತ್ರ ಅದಕ್ಕೆ ತಜ್ಞರ ನೆರವು ಪಡೆಯಿರಿ.

ಉತ್ತರ: ನಿಧಾನಗಾಮಿ

ನಾನು ಬಿದ್ದು ಪೆಟ್ಟು ಮಾಡಿಕೊಂಡವಳಲ್ಲ. ಒಳಕಿವಿಯ ಸಮತೋಲನದ ನರಕ್ಕೆ ಉರಿಯೂತ ಬಂದು, ಐದು ತಿಂಗಳು ಬೈಕಿನಿಂದ ದೂರ ಇದ್ದವಳು. ಕಾಯಿಲೆಯಿಂದ ಚೇತರಿಸಿಕೊಂಡು ಈ ಚರ್ಚೆಯನ್ನು ಓದುವವರಿಗಾಗಿ ಇಷ್ಟನ್ನು ಬರೆಯುತ್ತಿದ್ದೇನೆ.

ನನಗೆ ವಾಹನ ಓಡಿಸಬಹುದೆಂದು ಪ್ರಮಾಣಪತ್ರ ಕೊಟ್ಟ ಕಡೆ ರಕ್ತದೊತ್ತಡ ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಸಹಿ ಹಾಕಿದರು. ನನ್ನ ಕಾಯಿಲೆ ಯಾವುದೆಂದು ಅರ್ಜಿಯಲ್ಲೇ ಬರೆದಿದ್ದರೂ, ತಲೆ ತಿರುಗಿಸಿ ಹಿಂದೆ ನೋಡಿ ಎಂದು ಒಮ್ಮೆಯೂ ಹೇಳಲಿಲ್ಲ. ಕನ್ನಡಿಯಲ್ಲಿ ಕಾಣದ ವಾಹನವನ್ನು ನೋಡಲು ಭುಜದ ಮೇಲಿಂದ ಹಿಂದಿರುಗಿ ನೋಡುವುದು ಸವಾರಿಯಲ್ಲಿ ಹೆಜ್ಜೆಹೆಜ್ಜೆಗೂ ಬೇಕು, ನನಗೆ ಲೋಕ ಓಲಾಡುತ್ತಿದ್ದುದೇ ಆ ಕ್ಷಣದಲ್ಲಿ. ಕೊನೆಗೆ ನನ್ನ ಪರೀಕ್ಷೆಯನ್ನು ನಾನೇ ಮಾಡಿಕೊಂಡೆ. ಹೆಲ್ಮೆಟ್ ಹಾಕಿಕೊಂಡು, ನೆಲದ ಮೇಲಿನ ಒಂದು ಗೆರೆಯ ಗುಂಟ ನಡೆಯುತ್ತ, ಎರಡು ಹೆಜ್ಜೆಗೊಮ್ಮೆ ಎಡಕ್ಕೆ, ಬಲಕ್ಕೆ ತಲೆ ತಿರುಗಿಸುತ್ತಿದ್ದೆ. ಹೆಲ್ಮೆಟ್ಟಿನ ಒಂದೂವರೆ ಕಿಲೋ ಸಣ್ಣದೆನ್ನಿಸಬಹುದು, ಸೊರಗಿದ ಕುತ್ತಿಗೆಗೆ ಅದು ಸಣ್ಣದಲ್ಲ. ಗೆರೆ ಬಿಟ್ಟು ಹೋಗದೆ ನಡೆಯಲು ಬಂದ ಮೇಲೆ ಹಗಲು ಹೊತ್ತು ಮಾತ್ರ ಬೈಕ್ ತೆಗೆದೆ. ಕಿವಿ ದುರ್ಬಲವಾದಾಗ ಸಮತೋಲನಕ್ಕೆ ದೇಹ ಕಣ್ಣನ್ನೇ ಹೆಚ್ಚಾಗಿ ನಂಬುತ್ತದೆ, ಕತ್ತಲಲ್ಲಿ ಆ ಆಸರೆಯೂ ತಪ್ಪುತ್ತದೆ. ಹಾಗಾಗಿ ರಾತ್ರಿ ಸವಾರಿಗೆ ಇನ್ನೂ ಎರಡು ತಿಂಗಳು ಕಾದೆ.

ಪಾರ್ಶ್ವವಾಯು, ಮೂರ್ಛೆ, ಹೃದಯಾಘಾತಗಳಾದವರು ನಮ್ಮಂತೆ ತಾವೇ ತೀರ್ಮಾನಿಸಿಕೊಳ್ಳುವಂತಿಲ್ಲ. ಎಷ್ಟು ಕಾಲ ವಾಹನ ಓಡಿಸಬಾರದು, ಯಾರಿಗೆ ತಿಳಿಸಬೇಕು ಎಂಬ ಬಗ್ಗೆ ಹಲವು ದೇಶಗಳಲ್ಲಿ ನಿಯಮಗಳಿವೆ. ಪಾರ್ಶ್ವವಾಯುವಿನ ನಂತರ ದೃಷ್ಟಿಯ ಒಂದು ಬದಿ ಮಾಯವಾಗಿದ್ದರೂ ಕೆಲವರಿಗೆ ಅದರ ಅರಿವೇ ಇರುವುದಿಲ್ಲ ಎಂಬುದು ನೆನಪಿರಲಿ.

ಉತ್ತರ: ಗ್ಯಾರೇಜ್ ಮೂಲೆ

ಕ್ಲಚ್ ಇಲ್ಲದ ವಾಹನದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಗೆ ಕ್ಲಚ್ ತಪ್ಪುತ್ತದೆ, ಆದರೆ ಸಾಮಾನ್ಯವಾಗಿ ಹಿಂದಿನ ಬ್ರೇಕ್ ಅದೇ ಕೈಗೆ ಬರುತ್ತದೆ, ಸಣ್ಣ ಚಕ್ರ ಗುಂಡಿಗಳ ಹೊಡೆತವನ್ನು ಮಣಿಕಟ್ಟಿಗೆ ಹೆಚ್ಚು ದಾಟಿಸುತ್ತದೆ. ಹೋಂಡಾ 2010ರ ವಿಎಫ್‌ಆರ್ 1200 ಎಫ್‌ನಿಂದಲೇ ಕ್ಲಚ್ ಲಿವರ್ ಇಲ್ಲದ ಡಿಸಿಟಿ ಗೇರ್‌ಬಾಕ್ಸನ್ನು ಕೊಡುತ್ತಿದೆ, ಈಚೆಗೆ ಕ್ಲಚ್ ಹಿಡಿಯದೆಯೇ ಓಡಿಸಬಹುದಾದ ಅದರ ಇ-ಕ್ಲಚ್, ಯಮಾಹಾದ ವೈ-ಎಎಂಟಿ ಕೂಡ ಬಂದಿವೆ. ಆದರೆ ಕೆಲವೇ ವಾರಗಳ ತೊಂದರೆಗೆ ಹೊಸ ಬೈಕ್ ಕೊಳ್ಳುವುದು ನನಗೆ ಸರಿ ಕಾಣದು. ಶಾಶ್ವತವಾಗಿ ಬಲ ಕಳೆದುಕೊಂಡವರ ಮಾತು ಬೇರೆ. 1992ರಲ್ಲಿ ನೆದರ್ಲೆಂಡ್ಸಿನ ಆಸೆನ್‌ನಲ್ಲಿ ಬಲಗಾಲು ಜಜ್ಜಿಹೋಗಿ, ಪಾದದ ಕೀಲು ಸರಿಯಾಗಿ ಆಡದಂತಾದ ಬೈಕ್ ರೇಸರ್ ಮಿಕ್ ಡೂಹನ್, ಹಿಂದಿನ ಬ್ರೇಕನ್ನು ಎಡ ಹೆಬ್ಬೆರಳಿನಿಂದ ಒತ್ತುವಂತೆ ಹ್ಯಾಂಡಲ್ಲಿಗೆ ಹಾಕಿಸಿಕೊಂಡರು. ಆಮೇಲೆ 1994ರಿಂದ 1998ರವರೆಗೆ ಸತತ ಐದು ಸಲ ಅವರೇ ವಿಶ್ವ ಚಾಂಪಿಯನ್.

14 ವಾರ ನಿಂತ ಬೈಕಿಗೂ ತಪಾಸಣೆ ಬೇಕು. ಟೈರಿನ ಗಾಳಿ, ಬ್ಯಾಟರಿ, ಚೈನು ಎಲ್ಲರೂ ನೋಡುತ್ತಾರೆ. ಬಿದ್ದ ಬೈಕಿನಲ್ಲಿ ಹ್ಯಾಂಡಲ್ ಮತ್ತು ಮುಂದಿನ ಫೋರ್ಕ್ ನೆಟ್ಟಗಿವೆಯೇ ಎಂಬುದನ್ನು ಮರೆಯುತ್ತಾರೆ. ಅಂದು ಹಾಕಿದ್ದ ಹೆಲ್ಮೆಟ್ ನೆಲಕ್ಕೆ ತಗುಲಿತ್ತೇ? ಒಳಗಿನ ಥರ್ಮೋಕೋಲ್ ಪದರ ಒಂದೇ ಏಟಿಗೆ ಕುಸಿದು ತಲೆಯನ್ನು ಉಳಿಸುತ್ತದೆ, ಮತ್ತೆ ಉಬ್ಬಿ ಮೊದಲಿನಂತಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಎಡಗೈ ಸವಾರ

ಎಲ್ಲರಿಗೂ ಧನ್ಯವಾದಗಳು. ಮೇಜಿನವರೆಗೆ ಹೋಗುವ ಅಗತ್ಯವೇ ಬರಲಿಲ್ಲ. ಗೋಡೆಗೆ ಭಾರ ಬಿಟ್ಟ ಎಂಟನೆಯ ಸಲಕ್ಕೇ ಎಡ ಮೊಣಕೈ ಮಡಚಿಕೊಂಡಿತು. ಬೆರಳುಗಳಲ್ಲಿ ಜೋಮಿಲ್ಲ, ಮಾತ್ರೆಗಳನ್ನು ನಿಲ್ಲಿಸಿ ತಿಂಗಳು ಕಳೆದಿದೆ. ಲಿವರ್ ಕೋನವನ್ನು ಹೊಂದಿಸಿ ಕೇಬಲ್ಲಿಗೆ ಎಣ್ಣೆ ಬಿಟ್ಟ ಮೇಲೆ ಎಣಿಕೆ ಇಪ್ಪತ್ತೈದರಿಂದ ಮೂವತ್ತೆಂಟಕ್ಕೆ ಏರಿತು ಎಂಬುದು ಬೇರೆ ಮಾತು, ಅದರಲ್ಲಿ ನನ್ನ ಕೈಯ ಪಾಲೇನೂ ಇಲ್ಲ. 18ನೆಯ ವಾರದಲ್ಲಿ ಗೋಡೆ, ಮೇಜು, ಕ್ಲಚ್ ಮೂರನ್ನೂ ಮತ್ತೆ ಎಣಿಸಿ ಇಲ್ಲಿಯೇ ಬರೆಯುತ್ತೇನೆ.

ಹೆಲ್ಮೆಟ್ಟನ್ನು ತೆಗೆದು ನೋಡಿದೆ. ಎಡಗಿವಿಯ ಹಿಂದೆ ಅಂಗೈಯಗಲದ ತರಚು ಗೆರೆಗಳಿವೆ. ತಲೆ ನೆಲಕ್ಕೆ ತಗುಲಿದ್ದು ನನಗೆ ನೆನಪೇ ಇರಲಿಲ್ಲ. ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳದಿರಲೆಂದು ಅದರ ಪಟ್ಟಿಯನ್ನು ಕತ್ತರಿಸಿ ಎಸೆದಿದ್ದೇನೆ.