ಚಂಡಮಾರುತಗಳೆದುರು ಫಿಲಿಪ್ಪೀನ್ಸ್: ನೆರೆಹೊರೆಯ ಒಗ್ಗಟ್ಟು ಜೀವ ಉಳಿಸುತ್ತದೆಯೇ?

ಪ್ರಶ್ನೆ (ಭೂಗೋಳ ಅಧ್ಯಾಪಕಿ)
ಫಿಲಿಪ್ಪೀನ್ಸ್‌ನ ಕಡಲ ವ್ಯಾಪ್ತಿಗೆ ವರ್ಷಕ್ಕೆ ಸರಾಸರಿ 20 ಚಂಡಮಾರುತಗಳು ಬರುತ್ತವೆ. ಕಡಲು ಕಾದಷ್ಟೂ ಅವುಗಳಲ್ಲಿ ಅತಿ ಪ್ರಬಲವಾದವುಗಳ ಪಾಲು ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಅಲ್ಲಿನ ಜನರ ಬಗ್ಗೆ ಓದುವಾಗಲೆಲ್ಲ ‘ಬಾಯಾನಿಹಾನ್’ ಎಂಬ ಪರಸ್ಪರ ನೆರವಿನ ಸಂಪ್ರದಾಯದ ಪ್ರಶಂಸೆ ಎದುರಾಗುತ್ತದೆ. ಆ ಒಗ್ಗಟ್ಟಿನಿಂದ ನಿಜಕ್ಕೂ ಜೀವಗಳು ಉಳಿದ ನಿದರ್ಶನವನ್ನು ಯಾರಾದರೂ ವಿವರಿಸುವಿರಾ?

ಉತ್ತರ 1 (ದ್ವೀಪಾಸಕ್ತ)
ಸೆಬು ಪ್ರಾಂತದ ಕಮೋಟೆಸ್ ದ್ವೀಪಸಮೂಹದಲ್ಲಿ, ಸಾನ್ ಫ್ರಾನ್ಸಿಸ್ಕೋ ಪುರಸಭೆಗೆ ಸೇರಿದ ತುಲಾಂಗ್ ದಿಯೋತ್ ಎಂಬ ಪುಟ್ಟ ದ್ವೀಪವಿದೆ. 2013ರ ನವೆಂಬರ್ 8ರಂದು ಅಪ್ಪಳಿಸಿದ ಹೈಯಾನ್ ಚಂಡಮಾರುತ (ಅಲ್ಲಿಯವರಿಗೆ ಅದು ಯೋಲಾಂಡಾ) ಅಲ್ಲಿದ್ದ ಸುಮಾರು 500 ಮನೆಗಳನ್ನು ನೆಲಸಮ ಮಾಡಿತು. ಆದರೆ ಸುಮಾರು 1,000 ನಿವಾಸಿಗಳನ್ನೂ ಮೊದಲೇ ಪಕ್ಕದ ದೊಡ್ಡ ದ್ವೀಪಕ್ಕೆ ಸ್ಥಳಾಂತರಿಸಿದ್ದರಿಂದ ಒಬ್ಬರೂ ಸಾಯಲಿಲ್ಲ.

ಇದರ ಹಿಂದೆ ಇದ್ದದ್ದು ‘ಪುರೋಕ್’ ವ್ಯವಸ್ಥೆ. ಬರಾಂಗಾಯ್ ಎಂಬ ಗ್ರಾಮ ಘಟಕದೊಳಗಿನ ಒಂದೊಂದು ಕೇರಿಯೂ ತನ್ನ ಮುಖಂಡರನ್ನು ತಾನೇ ಆರಿಸಿಕೊಂಡು, ಚಿಕ್ಕ ಮೊತ್ತಗಳನ್ನು ಕೂಡಿಸಿ ನಿಧಿ ಕಟ್ಟಿಕೊಂಡು, ಕಸದ ವಿಲೇವಾರಿಯಂಥ ದಿನನಿತ್ಯದ ಕೆಲಸಗಳನ್ನೂ ಒಟ್ಟಾಗಿ ನಿಭಾಯಿಸುತ್ತದೆ. ಪ್ರತಿದಿನ ಜೊತೆಗೆ ದುಡಿಯುವವರ ಮಾತಿಗೆ ಜನ ಮನೆ ಬಿಟ್ಟು ಹೊರಡುತ್ತಾರೆ, ಅಪರಿಚಿತ ಅಧಿಕಾರಿಯ ಆಜ್ಞೆಗೆ ಹಿಂಜರಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ವಿಪತ್ತಿನ ಅಪಾಯ ತಗ್ಗಿಸುವ ಕೆಲಸಕ್ಕೆ ಕೊಡುವ ವಿಶ್ವಸಂಸ್ಥೆಯ ಸಸಕಾವಾ ಪ್ರಶಸ್ತಿ ಈ ಪುರಸಭೆಗೆ 2011ರಲ್ಲೇ ಸಂದಿತ್ತು.

ಉತ್ತರ 2 (ಕರಾವಳಿ ಓದುಗ)
ಮೇಲಿನ ನಿದರ್ಶನ ಸರಿಯಾದುದೇ. ಆದರೆ ಅದೇ ಚಂಡಮಾರುತದಲ್ಲಿ ದೇಶದಾದ್ಯಂತ 6,300ಕ್ಕೂ ಹೆಚ್ಚು ಜನ ಸತ್ತರು. ತಕ್ಲೋಬಾನ್ ನಗರದಲ್ಲಿ ಆಶ್ರಯಕ್ಕೆಂದು ಗೊತ್ತುಮಾಡಿದ್ದ ಕೆಲವು ಕಟ್ಟಡಗಳೊಳಗೇ ಕಡಲು ನುಗ್ಗಿತು. ಅಲ್ಲಿಯವರಲ್ಲಿ ಒಗ್ಗಟ್ಟು ಕಡಿಮೆ ಇತ್ತೆಂದು ಹೇಳಲಾದೀತೇ? ಬೇರೆ ಜಾಗ ಕೊಳ್ಳಲಾಗದೆ ದಡದಲ್ಲೇ ತಗಡಿನ ಮನೆ ಕಟ್ಟಿಕೊಂಡವರನ್ನು ಸಹನಶೀಲರೆಂದು ಹೊಗಳುತ್ತಾ ಹೋದರೆ ಸರ್ಕಾರದ ಹೊಣೆ ಮರೆಯಾಗುತ್ತದೆ ಎಂದು ಫಿಲಿಪ್ಪೀನ್ಸ್‌ನವರೇ ಹಲವರು ಬೇಸರದಿಂದ ಹೇಳುತ್ತಾ ಬಂದಿದ್ದಾರೆ, ಅದನ್ನು ನಾವು ಗಂಭೀರವಾಗಿ ಕೇಳಿಸಿಕೊಳ್ಳಬೇಕು.

ಉತ್ತರ 3 (ಸ್ಥಳೀಯಾಡಳಿತ ವಿದ್ಯಾರ್ಥಿ)
ಹೊಣೆಯ ಮಾತು ಬಂದಿದ್ದರಿಂದ ಇದನ್ನು ಸೇರಿಸುತ್ತೇನೆ. 2010ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಅಲ್ಲಿನ ಸ್ಥಳೀಯ ಸರ್ಕಾರಗಳು ತಮ್ಮ ನಿಯತ ಆದಾಯದ ಕನಿಷ್ಠ ಶೇ 5ರಷ್ಟನ್ನು ವಿಪತ್ತು ನಿಧಿಗೆ ಮೀಸಲಿಡಬೇಕು. ಅದರಲ್ಲಿ ಶೇ 30ರಷ್ಟು ತುರ್ತು ಪರಿಹಾರಕ್ಕೆ, ಉಳಿದದ್ದನ್ನು ಪೂರ್ವಸಿದ್ಧತೆಯಂಥ ಕೆಲಸಗಳಿಗೆ ಬಳಸಬಹುದು. ತೊಡಕೇನೆಂದರೆ, ಆದಾಯವೇ ಕಡಿಮೆಯಿರುವ ಬಡ ಪುರಸಭೆಗೆ ಆ ಶೇ 5 ಎಂಬುದು ತೀರಾ ಚಿಕ್ಕ ಮೊತ್ತ. ಅಲೆಗಳ ಹೊಡೆತ ತಗ್ಗಿಸುವ, ಆದರೆ ಮೀನುಕೊಳಗಳಿಗಾಗಿ ಕಡಿದ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಮತ್ತೆ ಬೆಳೆಸುವಂಥ, ವರ್ಷಗಟ್ಟಲೆ ಹಿಡಿಯುವ ಕೆಲಸಕ್ಕೆ ಅಂಥ ಊರುಗಳು ರಾಷ್ಟ್ರೀಯ ಸರ್ಕಾರದ ನೆರವನ್ನೇ ಅವಲಂಬಿಸಬೇಕಾಗುತ್ತದೆ.