ತೈಲದ ಬೆಲೆ ಏರಿದಾಗಲೆಲ್ಲ ಪರ್ಯಾಯದ ಮಾತು: ಈ ಬಾರಿಯಾದರೂ ಅದು ನಿಲ್ಲುವುದೇ?

ಪ್ರಶ್ನೆ: ಬನಶಂಕರಿ ನಿವಾಸಿ

ಮಾನ್ಯ ಸದಸ್ಯರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರ ಜೂನ್ ತಿಂಗಳಿನಲ್ಲಿ. ಅಲ್ಲಿಂದೀಚೆಗೆ ಕಚ್ಚಾ ತೈಲ ಹಲವು ಬಾರಿ ಏರಿ ಇಳಿದಿದ್ದರೂ ಬಂಕಿನ ಬೆಲೆ ನೂರರ ಆಸುಪಾಸಿನಲ್ಲೇ ಉಳಿದಿದೆ. ನಮ್ಮ ಮನೆಯಲ್ಲಿ ಒಂದು ಸ್ಕೂಟರ್ ಹಾಗೂ ಒಂದು ಹಳೆಯ ಕಾರು ಇವೆ; ಎರಡನ್ನೂ ಬದಲಿಸುವ ಕಾಲ ಬಂದಿದೆ. ಮಗ ಎರಡೂ ವಿದ್ಯುತ್ ವಾಹನಗಳೇ ಆಗಲಿ ಎನ್ನುತ್ತಾನೆ. ನಮ್ಮ ಯಜಮಾನರು ಮಾತ್ರ, ತೈಲ ತುಟ್ಟಿಯಾದಾಗಲೆಲ್ಲ ಗೋಬರ್ ಗ್ಯಾಸ್, ಹೊಂಗೆ ಎಣ್ಣೆ, ಸೌರಶಕ್ತಿ ಎಂದು ಎಲ್ಲರೂ ಮಾತನಾಡುತ್ತಾರೆ, ಬೆಲೆ ಇಳಿದೊಡನೆ ಎಲ್ಲವನ್ನೂ ಮರೆಯುತ್ತಾರೆ, ಇದೂ ಹಾಗೆಯೇ ಆಗುತ್ತದೆ ಎಂದು ವಾದಿಸುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ ಎಂದು ನನಗೂ ಅನ್ನಿಸುತ್ತದೆ.

ನಾನು ಕೇಳಬೇಕೆಂದಿರುವುದು ಇಷ್ಟು: ತೈಲದ ಬೆಲೆ ನಾಳೆ ಕುಸಿದರೂ ನಿಲ್ಲಬಲ್ಲ ಪರ್ಯಾಯ ಯಾವುದಾದರೂ ಇದೆಯೇ? ವಿದ್ಯುತ್ತು, ಎಥೆನಾಲ್, ಸಿಎನ್‌ಜಿ, ಜಲಜನಕ ಇವುಗಳಲ್ಲಿ ನಮ್ಮ ಊರಿಗೆ ಒಗ್ಗುವುದು ಯಾವುದು? ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟಿನಿಂದ ಗಾಡಿ ಓಡಿಸಿದರೆ ಲಾಭವಾದರೂ ಏನು?

ಉತ್ತರ: ಹೊಂಗೆನೆರಳು

ತಮ್ಮ ಯಜಮಾನರ ಸಂಶಯಕ್ಕೆ ಇತಿಹಾಸದ ಬಲವಿದೆ. ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ.

1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ, ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಅದೇ ಹೊತ್ತಿಗೆ, 1974ರಲ್ಲಿ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕಾರ್ಯಕ್ರಮ ಆರಂಭವಾಯಿತು. ತುಮಕೂರು ಜಿಲ್ಲೆಯ ಪುರ ಗ್ರಾಮದ ಸಮುದಾಯ ಜೈವಿಕ ಅನಿಲ ಸ್ಥಾವರ, ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತಯಾರಿಸಿ ಊರಿಗೆ ಬೆಳಕು ಕೊಟ್ಟ ಘಟಕ, ಇವೆಲ್ಲ ಆ ಪ್ರಯತ್ನದ ಫಲಗಳು. ಮುಂದೆ ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ಓಡಿಸಬಹುದೆಂದು ತೋರಿಸಿಕೊಟ್ಟರು. 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿಯೂ ಬಂತು. ಭಾರತದ ಮೊದಲ ಗಮನಾರ್ಹ ವಿದ್ಯುತ್ ಕಾರಾದ ‘ರೇವಾ’ ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಇದೇ ಬೆಂಗಳೂರಿನಿಂದ. ಜ್ಞಾನಕ್ಕಾಗಲಿ ಶ್ರದ್ಧೆಗಾಗಲಿ ನಮ್ಮಲ್ಲಿ ಎಂದೂ ಕೊರತೆ ಇರಲಿಲ್ಲ.

ಹಾಗಿದ್ದರೂ ಇವು ಹರಡಲಿಲ್ಲ, ಏಕೆ? 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ ತೈಲ ಆ ವರ್ಷ ಮುಗಿಯುವುದರೊಳಗೆ 40ರ ಕೆಳಗಿಳಿಯಿತು. ದುಬಾರಿ ತೈಲವನ್ನೇ ನಂಬಿ ಹಾಕಿದ ಲೆಕ್ಕಗಳೆಲ್ಲ ಅಲ್ಲಿಗೆ ತಲೆಕೆಳಗಾದವು. ಹೊಂಗೆಯ ವಿಷಯದಲ್ಲಿ ಬೀಜ ಆಯುವ ಕೂಲಿ, ಒಣಗಿಸುವ ಹಾಗೂ ಸಾಗಿಸುವ ಖರ್ಚು ಎಂದೂ ಕಡಿಮೆಯಾಗಲಿಲ್ಲ. ರೇವಾ ಕಾರಿನಲ್ಲಿದ್ದದ್ದು ಸೀಸ ಮತ್ತು ಆಮ್ಲದ ಬ್ಯಾಟರಿ: ಭಾರ ಹೆಚ್ಚು, ಒಂದು ಚಾರ್ಜಿಗೆ ಓಡುವ ದೂರ ಕಡಿಮೆ, ಬಾಳಿಕೆ ಇನ್ನೂ ಕಡಿಮೆ.

ಈಗ ಬದಲಾಗಿರುವುದು ತೈಲದ ಬೆಲೆಯಲ್ಲ, ಪರ್ಯಾಯದ ಬೆಲೆ. 2010ರ ಸುಮಾರಿಗೆ ಒಂದು ಯೂನಿಟ್ ವಿದ್ಯುತ್ ಹಿಡಿದಿಡುವಷ್ಟು ಲಿಥಿಯಂ ಅಯಾನ್ ಬ್ಯಾಟರಿಗೆ ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. 2024ರ ಹೊತ್ತಿಗೆ ಜಾಗತಿಕ ಸರಾಸರಿ ಸುಮಾರು 115 ಡಾಲರಿಗೆ ಬಂದಿತ್ತು. ಸೌರ ವಿದ್ಯುತ್ತಿನ ಹರಾಜು ದರವೂ ನಮ್ಮ ದೇಶದಲ್ಲಿ ಯೂನಿಟ್ಟಿಗೆ ಹನ್ನೆರಡು ರೂಪಾಯಿಯ ಆಸುಪಾಸಿನಿಂದ ಮೂರು ರೂಪಾಯಿಗಿಂತ ಕೆಳಗೆ ಇಳಿಯಿತು. ಈ ಇಳಿಕೆಗೆ ಕಾರಣ ಕಾರ್ಖಾನೆಗಳ ಗಾತ್ರ ಹಾಗೂ ತಯಾರಿಕೆಯಲ್ಲಿ ಗಳಿಸಿದ ಪರಿಣತಿಯೇ ಹೊರತು ಕೊಲ್ಲಿ ರಾಷ್ಟ್ರಗಳ ತೀರ್ಮಾನಗಳಲ್ಲ. ಆದ್ದರಿಂದ ತೈಲ ಅಗ್ಗವಾದ ಮಾತ್ರಕ್ಕೆ ಇದು ಹಿಂದಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತನ್ನು ಗಮನಿಸಬೇಕು. ಕಚ್ಚಾ ತೈಲ ಅಗ್ಗವಾದರೆ ಬಂಕಿನಲ್ಲೂ ಅಗ್ಗವಾಗುತ್ತದೆ ಎಂಬ ನಂಬಿಕೆಗೆ ನಮ್ಮ ದೇಶದಲ್ಲಿ ಆಧಾರ ಕಡಿಮೆ. 2014ರಲ್ಲಿ ಪೆಟ್ರೋಲಿನ ಮೇಲೆ ಲೀಟರಿಗೆ 9.48 ರೂಪಾಯಿ ಇದ್ದ ಕೇಂದ್ರ ಅಬಕಾರಿ ಸುಂಕ, ಕೊರೊನಾ ಕಾಲದಲ್ಲಿ ಜಗತ್ತಿನಾದ್ಯಂತ ತೈಲ ಕುಸಿದು ಬಿದ್ದಿದ್ದಾಗ, 2020ರ ಮೇ ತಿಂಗಳಲ್ಲಿ, 32.98 ರೂಪಾಯಿಗೆ ಏರಿತು. ಮುಂದೆ ಎರಡು ಬಾರಿ ಇಳಿಸಿದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವೂ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ್ದರಿಂದ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. ಬೆಲೆ ಇಳಿಯಲಿ ಎಂದು ಕಾಯುವವರು ಈ ಲೆಕ್ಕವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ತಮ್ಮ ಮನೆಯ ಪ್ರಶ್ನೆಗೆ ಬರುತ್ತೇನೆ. ಲೀಟರಿಗೆ 45 ಕಿಲೋಮೀಟರ್ ಓಡುವ ಪೆಟ್ರೋಲ್ ಸ್ಕೂಟರಿಗೆ ಇಂಧನದ ಖರ್ಚು ಕಿಲೋಮೀಟರಿಗೆ ಎರಡೂಕಾಲು ರೂಪಾಯಿ. ವಿದ್ಯುತ್ ಸ್ಕೂಟರ್ ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಓಡುತ್ತದೆ, ಮನೆಯ ಕರೆಂಟು ತೆರಿಗೆ ಸೇರಿ ಏಳು ರೂಪಾಯಿ ಎಂದಿಟ್ಟುಕೊಂಡರೂ 25 ಪೈಸೆ ದಾಟುವುದಿಲ್ಲ. ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಹದಿನೆಂಟು ಸಾವಿರ ರೂಪಾಯಿಯಷ್ಟು ಉಳಿತಾಯವಿದೆ. ಪೆಟ್ರೋಲ್ ಅರ್ಧ ಬೆಲೆಗೆ ಬಂದರೂ ಈ ಲೆಕ್ಕದಲ್ಲಿ ವಿದ್ಯುತ್ ಸ್ಕೂಟರೇ ಗೆಲ್ಲುತ್ತದೆ. ಕಾರಿನ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ವಾರಾಂತ್ಯಕ್ಕೆ ಮಾತ್ರ ಹೊರತೆಗೆಯುವ ಕಾರಾದರೆ, ಕೊಳ್ಳುವಾಗ ಹೆಚ್ಚಿಗೆ ತೆರುವ ಹಣ ಇಂಧನದ ಉಳಿತಾಯದಿಂದ ಹಿಂದಿರುಗಲು ಹತ್ತು ವರ್ಷವಾದರೂ ಬೇಕಾದೀತು. ಸ್ಕೂಟರನ್ನು ಈಗಲೇ ಬದಲಿಸಿ, ಕಾರನ್ನು ಇನ್ನಷ್ಟು ದಿನ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಉತ್ತರ: ಯಶವಂತಪುರದ ಸಾಗಣೆದಾರ

ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ. ಆದರೆ ತೈಲದ ಚರ್ಚೆಯೆಂದರೆ ಎಲ್ಲರೂ ಪೆಟ್ರೋಲಿನ ಬಗ್ಗೆಯೇ ಮಾತನಾಡುವುದು ನನಗೆ ಬೇಸರ ತರುತ್ತದೆ. ದೇಶದಲ್ಲಿ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಖರ್ಚಾಗುವುದು ಡೀಸೆಲ್. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ತರಕಾರಿ, ಯಶವಂತಪುರ ಯಾರ್ಡಿಗೆ ಬರುವ ಈರುಳ್ಳಿ ಎಲ್ಲವೂ ಡೀಸೆಲ್ ಗಾಡಿಯಲ್ಲೇ ಬರುತ್ತವೆ. ಡೀಸೆಲ್ ಏರಿದರೆ ಸ್ಕೂಟರೇ ಇಲ್ಲದವರ ಮನೆಯ ಅಡಿಗೆಗೂ ಅದರ ಬಿಸಿ ತಟ್ಟುತ್ತದೆ.

ನಗರದೊಳಗೆ ಸರಕು ಸಾಗಿಸುವ ಮೂರು ಚಕ್ರದ ಗಾಡಿಗಳಲ್ಲಿ ಬದಲಾವಣೆ ನಿಜವಾಗಿಯೂ ಆಗುತ್ತಿದೆ. ದಿನವಿಡೀ ಓಡುವ ಗಾಡಿಯಾದ್ದರಿಂದ ಉಳಿತಾಯ ಬೇಗ ಕೈಗೆ ಬರುತ್ತದೆ, ಟ್ರಾಫಿಕ್ಕಿನಲ್ಲಿ ನಿಂತಾಗ ಇಂಧನ ವ್ಯರ್ಥವಾಗುವುದಿಲ್ಲ, ಕ್ಲಚ್ ಒತ್ತಿ ಒತ್ತಿ ಕಾಲು ನೋಯುವುದೂ ಇಲ್ಲ ಎಂದು ನಮ್ಮ ಚಾಲಕರೇ ಹೇಳುತ್ತಾರೆ. ಅಡ್ಡಿಯಾಗಿರುವುದು ಸಾಲ. ನಾನು ವಿದ್ಯುತ್ ಗಾಡಿಗೆ ಸಾಲ ಕೇಳಿದಾಗ, ಹಳೆಯದಾದ ಮೇಲೆ ಅದಕ್ಕೆ ಎಷ್ಟು ಬೆಲೆ ಸಿಕ್ಕೀತೆಂದು ಯಾರಿಗೂ ತಿಳಿಯದು ಎಂಬ ಕಾರಣ ಕೊಟ್ಟು ಸಾಲ ಕೊಡುವವರು ಡೀಸೆಲ್ ಗಾಡಿಗಿಂತ ಹೆಚ್ಚಿನ ಬಡ್ಡಿ ಹೇಳಿದರು. ಒಂದೇ ಗಾಡಿಯಿಂದ ಸಂಸಾರ ನಡೆಸುವವನಿಗೆ ಕಂತಿನಲ್ಲಿ ಸಾವಿರ ರೂಪಾಯಿ ವ್ಯತ್ಯಾಸವೂ ದೊಡ್ಡದೇ. ಸಹಾಯಧನ ಕೊಡುವ ಸರ್ಕಾರಗಳು ಅದಕ್ಕಿಂತ ಮೊದಲು ಈ ಬಡ್ಡಿಯತ್ತ ನೋಡಬೇಕು.

ದೂರದ ಲಾರಿಗಳ ಮಾತೇ ಬೇರೆ. ಭರ್ತಿ ಲೋಡಿನೊಂದಿಗೆ ಶಿರಾಡಿ ಘಾಟಿ ದಾಟಿ ಮಂಗಳೂರಿಗೆ ಹೋಗಿ ಬರುವ ಲಾರಿಗೆ ಬೇಕಾದಷ್ಟು ಬ್ಯಾಟರಿ ಹೇರಿದರೆ ಸರಕಿಗೆ ಉಳಿಯುವ ಭಾರವೇ ಕಡಿಮೆಯಾಗುತ್ತದೆ. ಅಲ್ಲಿ ಇನ್ನೂ ಕೆಲವು ವರ್ಷ ಡೀಸೆಲ್ಲೇ ಗತಿ. ಸರಕನ್ನು ರೈಲಿಗೆ ವರ್ಗಾಯಿಸುವುದು ಜಲಜನಕದ ಲಾರಿಗೆ ಕಾಯುವುದಕ್ಕಿಂತ ಬೇಗ ಫಲ ಕೊಡುವ ದಾರಿ. ಸಿಎನ್‌ಜಿ ಅಗ್ಗ, ಹೊಗೆಯೂ ಕಡಿಮೆ, ನಿಜ. ಆದರೆ ನಾವು ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಹೊರಗಿನಿಂದಲೇ ತರಿಸುತ್ತೇವೆ. ಯುದ್ಧವಾದರೆ ಅದೂ ತುಟ್ಟಿಯಾಗುತ್ತದೆ.

ಎಥೆನಾಲ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬೆರೆಸುವುದರಿಂದ ಕಬ್ಬು ಬೆಳೆಗಾರರಿಗೆ ಒಂದಿಷ್ಟು ಆಸರೆಯಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ, ಬೆರೆಸಿದಷ್ಟರ ಮಟ್ಟಿಗೆ ಮೈಲೇಜು ಇಳಿಯುತ್ತದೆ, ಡೀಸೆಲ್ ಬಳಕೆಯ ಮೇಲೆ ಅದು ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಕಾವೇರಿಯ ನೀರಿಗಾಗಿ ಇಷ್ಟು ಜಗಳವಾಡುವ ನಾವು ಆ ನೀರನ್ನು ಕಬ್ಬಿನ ಮೂಲಕ ಇಂಧನದ ಟ್ಯಾಂಕಿಗೆ ಹರಿಸುವುದು ಎಷ್ಟು ಸರಿ?

ಉತ್ತರ: ಕೆ.ಆರ್. ಪುರದ ಎಂಜಿನಿಯರ್

ಕಲ್ಲಿದ್ದಲಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಂ. ಮೊದಲ ಉತ್ತರದಲ್ಲಿರುವ ಸ್ಕೂಟರುಗಳನ್ನೇ ತೆಗೆದುಕೊಂಡರೆ, ಕಿಲೋಮೀಟರಿಗೆ ಪೆಟ್ರೋಲ್ ಸ್ಕೂಟರಿನಿಂದ ಸುಮಾರು 50 ಗ್ರಾಂ, ವಿದ್ಯುತ್ ಸ್ಕೂಟರಿನಿಂದ 25 ಗ್ರಾಂಗಿಂತ ಕಡಿಮೆ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಮುಕ್ಕಾಲು ಭಾಗವನ್ನು ಶಾಖವಾಗಿ ಕಳೆದುಬಿಡುವುದರಿಂದಲೇ ಕಲ್ಲಿದ್ದಲಿನ ಕರೆಂಟು ಕೂಡ ಅದಕ್ಕಿಂತ ಮೇಲಾಗುತ್ತದೆ.

ಅದಲ್ಲದೆ ಕರ್ನಾಟಕ ಕೇವಲ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳನ್ನು ನಂಬಿಕೊಂಡಿಲ್ಲ. ಶರಾವತಿಯ 1,035 ಮೆಗಾವಾಟ್ ಹಳೆಯ ಆಸ್ತಿ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ನಿಂತಿದೆ. ಅಲ್ಲಿನ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮಳೆಯನ್ನು ನೆಚ್ಚಿ ಶೇಂಗಾ ಬೆಳೆಯುತ್ತಿದ್ದ ತಾಲ್ಲೂಕಿನ ನೆಲದ ಒಡೆಯರಿಗೆ ಇದರಿಂದ ವರ್ಷವರ್ಷವೂ ಬಾಡಿಗೆ ಬರುತ್ತದೆ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಆ ನೆಲದ ಕೆಲಸ ತಪ್ಪಿತು, ಅವರ ಮಾತನ್ನು ಕೇಳುವವರು ಕಡಿಮೆ.

ಸೌರ ವಿದ್ಯುತ್ತು ಹಗಲಿನದು, ನಾವು ಗಾಡಿ ಚಾರ್ಜ್ ಮಾಡುವುದು ರಾತ್ರಿ. ಈ ಹೊಂದಾಣಿಕೆಗೆಂದು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ವಿದ್ಯುತ್ತು ಹೆಚ್ಚಿದ್ದಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಯನ್ನು ಮುಂದಿಟ್ಟಿದ್ದಾರೆ. ಪರ್ಯಾಯ ಶಕ್ತಿಯನ್ನು ಮನಸಾರೆ ಬಯಸುವ ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಹಗಲು ಹೊತ್ತು ವಾಹನಗಳು ನಿಂತಿರುವ ವೈಟ್‌ಫೀಲ್ಡ್, ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲೇ ಚಾರ್ಜಿಂಗ್ ವ್ಯವಸ್ಥೆ ಕಲ್ಪಿಸಿ, ಮಧ್ಯಾಹ್ನದ ವಿದ್ಯುತ್ತಿಗೆ ಕಡಿಮೆ ದರ ಇಟ್ಟರೆ, ಕಾಡು ಕಡಿಯದೆಯೇ ಈ ಸಮಸ್ಯೆಯ ದೊಡ್ಡ ಭಾಗ ಬಗೆಹರಿದೀತು.

ಲಿಥಿಯಂ ಕೂಡ ಆಮದೇ ಅಲ್ಲವೇ ಎಂದು ಮುಂದೆ ಯಾರಾದರೂ ಕೇಳಬಹುದು. ಹೌದು, ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಅಂದಾಜು ಮಾಡಿರುವ ನಿಕ್ಷೇಪ 1,600 ಟನ್ ಮಾತ್ರ, ಅದರಿಂದ ನಮ್ಮ ಅಗತ್ಯ ನೀಗದು, ಮತ್ತು ಶುದ್ಧೀಕರಣದಲ್ಲಿ ಚೀನಾದ ಹಿಡಿತ ಬಲವಾಗಿದೆ. ಆದರೆ ತೈಲ ಉರಿದು ಹೋಗುತ್ತದೆ, ನಾಳೆಗೆ ಮತ್ತೆ ತರಿಸಬೇಕು. ಬ್ಯಾಟರಿಯೊಳಗಿನ ಲೋಹ ವರ್ಷಗಟ್ಟಲೆ ಅಲ್ಲೇ ಇದ್ದು ಕೊನೆಗೆ ಮರುಬಳಕೆಗೆ ಸಿಗುತ್ತದೆ. ಬಳಸುವ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಮರುಪ್ರಶ್ನೆ: ಬನಶಂಕರಿ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಕೂಟರಿನ ವಿಷಯದಲ್ಲಿ ಮನೆಯಲ್ಲಿ ಒಮ್ಮತ ಮೂಡಿದೆ. ಆದರೆ ನಮ್ಮದು ಅಪಾರ್ಟ್‌ಮೆಂಟ್. ನೆಲಮಾಳಿಗೆಯಲ್ಲಿ ಪ್ಲಗ್ ಪಾಯಿಂಟ್ ಹಾಕಿಕೊಡಲು ಸಂಘದವರು ಹಿಂಜರಿಯುತ್ತಿದ್ದಾರೆ; ಬೆಂಕಿಯ ಭಯ, ಬಿಲ್ಲಿನ ತಕರಾರು ಎರಡೂ ಇವೆ. ಏನು ಮಾಡಬಹುದು?

ಉತ್ತರ: ಕೆ.ಆರ್. ಪುರದ ಎಂಜಿನಿಯರ್

ಮೇಡಂ, ಸ್ಕೂಟರಿನ ಚಾರ್ಜರ್ ಸಾಮಾನ್ಯವಾಗಿ ಒಂದು ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚು ಕರೆಂಟು ಎಳೆಯುವುದಿಲ್ಲ. ತಮ್ಮ ಮನೆಯ ಮೀಟರಿನಿಂದಲೇ ಪ್ರತ್ಯೇಕ ವೈರು ಎಳೆಸಿ, ಪಾರ್ಕಿಂಗ್ ಜಾಗದಲ್ಲಿ ಬೀಗವಿರುವ ಪೆಟ್ಟಿಗೆಯೊಳಗೆ 15 ಆಂಪ್ ಸಾಕೆಟ್ ಕೂರಿಸಿದರೆ ಬಿಲ್ಲಿನ ತಕರಾರು ಹುಟ್ಟುವುದಿಲ್ಲ, ಮನೆ ಬಳಕೆಯ ದರವೇ ಅನ್ವಯಿಸುತ್ತದೆ. ಅರ್ಥಿಂಗ್ ಸರಿಯಾಗಿರಬೇಕು, ಎಂಸಿಬಿ (ಲೋಡ್ ಮೀರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಜೊತೆಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಇರಲೇಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಚಾರ್ಜ್ ಮಾಡುವುದನ್ನು ಸಂಘದವರು ನಿಷೇಧಿಸಿದರೆ ಅದು ನ್ಯಾಯವೇ. ಮುಂದೆ ಕಾರುಗಳೂ ಬಂದರೆ ಕಟ್ಟಡದ ಮಂಜೂರಾದ ಲೋಡ್ ಸಾಲದೆ ಹೋಗಬಹುದು. ಆಗ ವಾಹನ ಚಾರ್ಜಿಂಗಿಗೆಂದೇ ಇರುವ ಪ್ರತ್ಯೇಕ ಸಂಪರ್ಕಕ್ಕೆ ಸಂಘದ ಹೆಸರಿನಲ್ಲಿ ಬೆಸ್ಕಾಂಗೆ ಅರ್ಜಿ ಹಾಕಬಹುದು. ಮುಂದಿನ ಸಂಘದ ಸಭೆಗೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೊಬ್ಬರನ್ನು ಕರೆದು, ನೆಲಮಾಳಿಗೆಯ ವೈರಿಂಗನ್ನು ಸಂಘದವರ ಎದುರೇ ಪರೀಕ್ಷೆ ಮಾಡಿಸಿ.